ಅಟ್ಟ ಹತ್ತಿದ ಚಳಿ

ಅಂಗಡಿಯಲ್ಲಿ ನನ್ನ ಜಾಗಕ್ಕೆ ಬಂದಿರುವ ಚೈತ್ರ ಎಂಬ ಹುಡುಗಿ ಮೊನ್ನೆ ಫೋನು ಮಾಡಿದ್ದಳು.

“ಸರೋಜಕ್ಕ, ಬಾಗ್ಲ ಪಕ್ಕದ ಮೊಳೇಲಿ ಒಂದು ದಪ್ಪನೆ ಕರೀ ಸೂಟು ನೇತಾಕವ್ರಲ್ಲ, ಅದನ್ನ ಮಾರಂಗೂ ಇಲ್ಲ, ಅಟ್ಟಕ್ಕೆ ಹಾಕಂಗೂ ಇಲ್ಲ ಅಂತಾರೆ. ಯಾರೋ ಗಿರಾಕಿ ನಿಂತವ್ರೆ ಅನ್ಕಂಡು ನಾನು ದಿನಾ ‘ಏನ್ ಬೇಕಿತ್ತು ಸಾರ್’ ಅಂತೀನಿ. ಏನಕ್ಕ ಅದು?”

ಅದು ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ, ಬರೆದೇ ತಿಳಿಸುತ್ತೇನೆ ಎಂದೆ. ಹೇಗೂ ನಿವೃತ್ತರಾದವರಿಗೆ ಎರಡೇ ಕೆಲಸ. ಮಂಡಿಗೆ ಎಣ್ಣೆ ತಿಕ್ಕುವುದು, ಚಿಕ್ಕವರಿಗೆ ಬುದ್ಧಿ ಹೇಳುವುದು. ಎಣ್ಣೆ ಬೆಳಿಗ್ಗೆಯೇ ಆಯಿತು.

ನಮ್ಮದು ಸಕಲೇಶಪುರದ ಹೆದ್ದಾರಿ ಬದಿಯ ಅಂಗಡಿ. ನಾನು ಸೇರಿದಾಗ ಅಲ್ಲಿ ಸಿಗುತ್ತಿದ್ದದ್ದು ಕಂಬಳಿ, ಗಮ್‌ಬೂಟು, ಟಾರ್ಪಾಲು, ರೇನ್‌ಕೋಟು, ಕೊಡೆ. ಮಳೆ ಮತ್ತು ಚಳಿ ಇಬ್ಬರೂ ನಮ್ಮ ಪಾಲುದಾರರು, ಆದರೆ ಪಾಲು ಕೇಳದ ಪಾಲುದಾರರು ಎಂದು ಯಜಮಾನರಾದ ನಂಜುಂಡಪ್ಪನವರು ಹೇಳುತ್ತಿದ್ದರು. ನಾನು ಅದಕ್ಕೂ ಮುಂಚೆ ಆಲೂರಿನಲ್ಲಿ ಒಂದು ಬಳೆ ಅಂಗಡಿಯಲ್ಲಿದ್ದೆ. ಕುಂದೂರಿನ ನಮ್ಮ ಮನೆಯಿಂದ ಆಲೂರಿಗೆ ಒಂದು ಬಸ್ಸು ಹಿಡಿಯುತ್ತಿದ್ದವಳು ಆಮೇಲೆ ಎರಡು ಬಸ್ಸು ಹಿಡಿಯುವವಳಾದೆ. ನನ್ನ ವೃತ್ತಿಯಲ್ಲಿ ಬಡ್ತಿ ಎಂದು ಏನಾದರೂ ಇದ್ದರೆ ಆ ಎರಡನೆಯ ಬಸ್ಸೇ.

ನಂಜುಂಡಪ್ಪನವರು ಹಣೆತುಂಬ ವಿಭೂತಿ ಹಚ್ಚಿ, ಬಾಯಿತುಂಬ ಗಾದೆ ಇಟ್ಟುಕೊಂಡು ಗಲ್ಲಾಪೆಟ್ಟಿಗೆಯ ಹಿಂದೆ ಕೂರುವವರು. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡಿಹೋಗುತ್ತದೆ ಎಂಬುದನ್ನು ನೀನೂ ಕೇಳಿದ್ದೀಯ. ಊರಿನವರಿಗೆ ಅದು ಗಾದೆ. ನಂಜುಂಡಪ್ಪನವರಿಗೆ ಅದು ಸರ್ಕಾರಿ ಆದೇಶ. ಜಾಗರಣೆ ಮುಗಿದ ಮಾರನೆಯ ದಿನ ಕೆಂಪು ಕಣ್ಣಿನಲ್ಲೇ ಅಂಗಡಿಗೆ ಬಂದು, “ಸರೋಜಮ್ಮ, ಚಳೀನ ಅಟ್ಟಕ್ಕೆ ಹಾಕ್ಸು” ಎನ್ನುತ್ತಿದ್ದರು. ಕಂಬಳಿ, ಸ್ವೆಟರು, ಉಣ್ಣೆ ಟೋಪಿ ಎಲ್ಲಕ್ಕೂ ಬಿಸಿಲು ಕಾಣಿಸಿ, ಬೇವಿನ ಸೊಪ್ಪು ಇಟ್ಟು, ಕಟ್ಟು ಕಟ್ಟಿ ಮೇಲೆ ಸೇರಿಸಬೇಕು. ಹೊರಗೆ ಮಂಜು ಸುರಿಯುತ್ತಿದ್ದರೂ ಸರಿ, ಗಿರಾಕಿ ಹಲ್ಲು ಕಟಕಟಿಸುತ್ತಾ ನಿಂತಿದ್ದರೂ ಸರಿ, ಶಿವರಾತ್ರಿ ಆಯಿತೆಂದರೆ ನಮ್ಮ ಅಂಗಡಿಯಲ್ಲಿ ಚಳಿ ಇಲ್ಲ.

ಅಟ್ಟ ಹತ್ತಿದ್ದು ಮುಂಗಾರು ಹಿಡಿಯುವವರೆಗೆ ಇಳಿಯುವಂತಿರಲಿಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ಕಂಬಳಿ ಇಳಿಸಿದರೆ ಮೋಡವನ್ನು ಕೈಬೀಸಿ ಕರೆದಂತೆ, ಕಣದಲ್ಲಿ ಒಣಗುತ್ತಿರುವ ಕಾಫಿಯ ಮೇಲೆ ಮಳೆ ಬೀಳುತ್ತದೆ ಎಂಬುದು ಅವರ ತಂದೆಯ ಕಾಲದ ನಂಬಿಕೆ. ಯಾವುದೋ ಒಂದು ವರ್ಷ ಹಾಗೇ ಆಗಿ, ತೋಟದವರೆಲ್ಲ ಅಂಗಡಿಗೆ ಬಂದು ಜಗಳ ತೆಗೆದಿದ್ದರಂತೆ. ಯಾವ ವರ್ಷ ಯಜಮಾನ್ರೇ ಎಂದು ಕೇಳಿದರೆ, “ಅದ್ಯಾಕೆ ಬುಡು ಈಗ” ಎನ್ನುತ್ತಿದ್ದರು.

ಹೀಗೆ ಮಳೆ ಚಳಿಗಳ ಜೊತೆ ಸಂಸಾರ ಮಾಡಿಕೊಂಡಿದ್ದ ಅಂಗಡಿಗೆ ಸಮುದ್ರ ಬಂದದ್ದು ಅವರ ಮಗ ಪ್ರಮೋದನಿಂದ. ಹಾಸನದಲ್ಲಿ ಬಿ.ಕಾಂ. ಮುಗಿಸಿ ಬಂದ ಹುಡುಗ ಒಂದು ವಾರ ಬಾಗಿಲಲ್ಲಿ ನಿಂತು ರಸ್ತೆ ನೋಡಿದ. ಶನಿವಾರವಾದರೆ ಬೆಂಗಳೂರಿನ ಕಾರುಗಳು ತಲೆಯ ಮೇಲೆ ಉದ್ದನೆಯ ಹಲಗೆ ಕಟ್ಟಿಕೊಂಡು ಘಟ್ಟ ಇಳಿಯುತ್ತಿದ್ದವು.

“ಯಾರ್ ಮನೆ ಬಾಗ್ಲೋ ಅದು? ದಿನಾ ಹೊತ್ಕಂಡು ಹೋಯ್ತಾವ್ರೆ?” ಎಂದರು ನಂಜುಂಡಪ್ಪನವರು.

“ಬಾಗ್ಲಲ್ಲ ಅಪ್ಪಾಜಿ. ಸಮುದ್ರದಾಗೆ ಅದರ ಮ್ಯಾಲೆ ನಿಂತ್ಕಂಡು ಅಲೆ ಸವಾರಿ ಮಾಡ್ತಾರೆ. ಸರ್ಫಿಂಗ್ ಅಂತ. ಅದಕ್ಕೆ ಮೈಗೆ ಅಂಟ್ಕಳಂಥ ರಬ್ಬರ್ ಸೂಟ್ ಬೇಕು, ವೆಟ್‌ಸೂಟ್ ಅಂತಾರೆ. ನಾವ್ಯಾಕೆ ಇಡಬಾರ್ದು?”

ಅವತ್ತೇ ಫೋನಿನಲ್ಲಿ ಕ್ಯಾಟಲಾಗು ತೆಗೆದು ಅಪ್ಪ ಮಗ ಕೂತರು. ಪ್ರತಿ ಸೂಟಿನ ಕೆಳಗೂ ಒಂದು ಗುರುತಿತ್ತು. ಒಂದಕ್ಕೆ 3/2, ಇನ್ನೊಂದಕ್ಕೆ 5/4. ಪ್ರಮೋದನ ಕಣ್ಣು ಅರಳಿತು.

“ಅಪ್ಪಾಜಿ, ಆಫರ್ ಐತೆ! ಎರಡು ತಗಂಡ್ರೆ ಮೂರು. ಇದು ನಾಲ್ಕು ತಗಂಡ್ರೆ ಐದು.”

ಎರಡಕ್ಕೆ ಮೂರೇ ಹೆಚ್ಚು ಲಾಭ ಎಂದು ನಂಜುಂಡಪ್ಪನವರು ಬಾಯಿಲೆಕ್ಕದಲ್ಲೇ ಹೇಳಿದರು. ಆದರೂ ಬಿಟ್ಟಿ ಬಂದದ್ದನ್ನು ಬಿಡಬಾರದೆಂದು ಎರಡು ಬಗೆಯನ್ನೂ ತರಿಸಿದರು. ಪಾರ್ಸೆಲ್ ಒಡೆದು ನೋಡಿದರೆ ಒಂದೂ ಹೆಚ್ಚಿಗೆ ಇಲ್ಲ. ಪ್ರಮೋದ ಫೋನು ಹಚ್ಚಿ ಬಾಯಿಗೆ ಬಂದಂತೆ ಬೈದ. ಆ ಕಡೆಯವನು ಎಲ್ಲ ಕೇಳಿಸಿಕೊಂಡು ಕೊನೆಗೆ ಹೇಳಿದ್ದು ನನಗೂ ಕೇಳಿಸಿತು. “ಆಫರ್ ಅಲ್ಲ ಸಾರ್, ದಪ್ಪ. ಎದೆ ಬೆನ್ನಿಗೆ ಮೂರು ಮಿಲಿಮೀಟರು, ಕೈಕಾಲಿಗೆ ಎರಡು.” ಅಂದಿನಿಂದ ನಮ್ಮ ಅಂಗಡಿಯಲ್ಲಿ ಯಾರೇ ಏನೇ ತಪ್ಪು ತಿಳಿದುಕೊಂಡರೂ “ಆಫರ್ ಅಲ್ಲ ಸಾರ್, ದಪ್ಪ” ಎನ್ನುವುದೇ ರೂಢಿಯಾಯಿತು.

ಇಡೀ ಕರಾವಳಿಯಲ್ಲಿ ಯಾರಿಗೂ ಬೇಡದ ಐದರ ದಪ್ಪದ ಸೂಟುಗಳು ಸಕಲೇಶಪುರದ ಗುಡ್ಡದ ಮೇಲೆ ಬಂದು ಕೂತದ್ದು ಹೀಗೆ. ಅವನ್ನು ಮಾರಿಕೊಟ್ಟದ್ದು ಮಾತ್ರ ನಮ್ಮ ಹಳೆಯ ಪಾಲುದಾರನಾದ ಚಳಿ.

ಡಿಸೆಂಬರಿನಲ್ಲಿ ನಸುಕಿಗೆ ಮುಂಚೆಯೇ ಬೆಂಗಳೂರಿನಿಂದ ಹೊರಟವರು ನಮ್ಮಲ್ಲಿಗೆ ಬರುವ ಹೊತ್ತಿಗೆ ಎದುರಿನ ಹೋಟೆಲಿನ ಬೋರ್ಡೂ ಕಾಣದಷ್ಟು ಮಂಜು. ಕಾಫಿ ಕುಡಿದು ಅಂಗಡಿಗೆ ನುಗ್ಗುತ್ತಿದ್ದರು. ನಾನು ಬಾಗಿಲು ಹಾಕಲು ಹೋದರೆ ನಂಜುಂಡಪ್ಪನವರು, “ತೆಗೆದಿರ್ಲಿ ಸರೋಜಮ್ಮ. ಗಾಳಿ ಬಂದ್ರೆ ವ್ಯಾಪಾರ ಬತ್ತದೆ” ಎನ್ನುತ್ತಿದ್ದರು. ಗಿರಾಕಿ ಕೈ ಉಜ್ಜಿಕೊಳ್ಳುತ್ತಾ, ಇಲ್ಲೇ ಇಷ್ಟು ಚಳಿಯಾದರೆ ಸಮುದ್ರದಲ್ಲಿ ಹೇಗೋ ಎಂದು ಯೋಚಿಸುವುದು ಮುಖದಲ್ಲೇ ಕಾಣುತ್ತಿತ್ತು. ಆಗ ಪ್ರಮೋದ ಒಂದೇ ಮಾತು ಹೇಳುತ್ತಿದ್ದ. “ಸಮುದ್ರ ಅಂದ್ರೆ ಬಯಲಲ್ವಾ ಸಾರ್, ಅಡ್ಡ ಏನೂ ಇಲ್ಲ.” ಅಷ್ಟಕ್ಕೆ ಐದರ ದಪ್ಪದ್ದು ಹೊರಟುಹೋಗುತ್ತಿತ್ತು. ಘಟ್ಟ ಇಳಿದರೆ ಬೆವರುವ ಸೆಕೆ ಎಂಬುದು ಎಳೆಯ ಮಗುವಿಗೂ ಗೊತ್ತು. ಆದರೆ ನಡುಗುತ್ತಿರುವವನಿಗೆ ಎಳೆಯ ಮಗುವಿನಷ್ಟು ಬುದ್ಧಿ ಎಲ್ಲಿಂದ ಬರಬೇಕು?

ಒಬ್ಬರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಆ ಸೂಟು ಹಾಕಿಕೊಳ್ಳುವುದೇ ಒಂದು ಯುದ್ಧ. ಗೆದ್ದ ಮೇಲೆ ಯಾಕೆ ಬಿಚ್ಚಬೇಕೆಂದು ಅಂಗಡಿಯಲ್ಲೇ ಹಾಕಿಕೊಂಡು, ಕರೀ ಮೀನಿನ ಹಾಗೆ ಹೊಳೆಯುತ್ತಾ ಕಾರಿನಲ್ಲಿ ಕೂತು ಹೊರಟರು. ದೋಣಿಗಲ್ ದಾಟುತ್ತಲೇ ಮುಂದೆ ಲಾರಿ ಕೆಟ್ಟು ನಿಂತು ಸಾಲುಗಟ್ಟಲೆ ವಾಹನ. ಬಿಸಿಲು ಏರಿತು. ಸೂಟಿನ ಜಿಪ್ಪು ಬೆನ್ನಿನಲ್ಲಿ. ಅದಕ್ಕೊಂದು ಎಳೆಯುವ ದಾರ ಇರುತ್ತದೆ ಎಂದು ನಾವು ಹೇಳಿರಲಿಲ್ಲ, ಏಕೆಂದರೆ ನಮಗೂ ಗೊತ್ತಿರಲಿಲ್ಲ. ಭಾನುವಾರ ಸಂಜೆ ವಾಪಸು ಬಂದಾಗ ಮನುಷ್ಯ ಹಬೆಯಲ್ಲಿ ಬೆಂದ ಕಡುಬಿನಂತಾಗಿದ್ದರು.

“ಕೊನೆಗೆ ಎಳನೀರಿನವನ ಹತ್ತಿರ ಜಿಪ್ ತೆಗೆಸಿಕೊಂಡೆ ಕಣ್ರೀ! ಅವನು ಮಚ್ಚು ಹಿಡ್ಕೊಂಡೇ ಬಂದ!” ಎಂದು ಕೂಗಾಡಿದರು. ಅವರ ಸಿಟ್ಟಿನಲ್ಲಿ ಅರ್ಧ ಪಾಲು ಆ ಮಚ್ಚಿನ ಭಯ ಇತ್ತು.

ಅಳತೆಯ ವಿಷಯಕ್ಕೆ ಬಂದರೆ ನಮ್ಮ ಕಡೆಯವರದೇ ಬೇರೆ ಕತೆ. ರೇನ್‌ಕೋಟನ್ನು ಒಂದು ಅಳತೆ ದೊಡ್ಡದು ಕೊಂಡು ಅಭ್ಯಾಸ. ಒಳಗೆ ಸ್ವೆಟರು ಹಿಡಿಯಬೇಕು, ಆಮೇಲೆ ತಮ್ಮನಿಗೂ ಆಗಬೇಕು. ಈ ಸೂಟಿಗೂ ಅದೇ ಲೆಕ್ಕ ಹಾಕುತ್ತಿದ್ದರು. ಇದು ಹಾಗಲ್ಲ, ಚರ್ಮಕ್ಕೆ ಚರ್ಮದಂತೆ ಕೂರಬೇಕು, ಒಳಗೆ ಬನಿಯನ್ನೂ ಇರಬಾರದು ಎಂದರೆ ನನ್ನನ್ನೇ ಅನುಮಾನದಿಂದ ನೋಡುತ್ತಿದ್ದರು. ಅಷ್ಟು ಬಿಗಿಯಾದದ್ದನ್ನು ತೊಡಿಸುವ ಉಪಾಯ ನನಗೆ ಬಳೆ ಅಂಗಡಿಯಿಂದ ಬಂದದ್ದು. ಬಿಗಿ ಬಳೆ ಏರದಿದ್ದರೆ ಕೈಗೆ ಪ್ಲಾಸ್ಟಿಕ್ ಕವರು ಹಾಕಿ ಜಾರಿಸುತ್ತೇವಲ್ಲ, ಹಾಗೆಯೇ ಪಾದಕ್ಕೆ ಕವರು ಹಾಕಿ ಕಾಲು ತೂರಿಸಿದರೆ ಸೂಟು ಸರ್ರನೆ ಏರುತ್ತದೆ. ಚೈತ್ರ, ಇದನ್ನು ಮರೆಯಬೇಡ. ನನ್ನ ವೃತ್ತಿಜೀವನದಲ್ಲಿ ನಾನು ಕಂಡುಹಿಡಿದದ್ದು ಇದೊಂದೇ.

ತೋಟದವರೊಬ್ಬರು ಮಳೆಗಾಲದಲ್ಲಿ ರಕ್ತ ಹೀರುವ ಇಂಬಳದ ಕಾಟಕ್ಕೆ ಈ ಸೂಟೇ ಮದ್ದು ಎಂದು ನಿರ್ಧರಿಸಿ, ಒಂದಳತೆ ದೊಡ್ಡದನ್ನೇ ಹಟ ಮಾಡಿ ಕೊಂಡುಹೋದರು. ಇಂಬಳಗಳು ಕಾಲಿನಿಂದ ಹತ್ತಲಾರದೆ ಕೊರಳಿನಿಂದ ಇಳಿದವು. ಇಳಿದವಕ್ಕೆ ಹೊರಗೆ ಬರುವ ದಾರಿ ಸಿಗಲಿಲ್ಲ. ಅವರು ಮತ್ತೆ ನಮ್ಮ ಅಂಗಡಿಗೆ ಬರಲಿಲ್ಲ.

ಎಲ್ಲರೂ ಕೇಳುತ್ತಿದ್ದ ಪ್ರಶ್ನೆ ಒಂದು. ಇದು ಹಾಕಿಕೊಂಡರೆ ಮೈ ನೆನೆಯುವುದಿಲ್ಲವೇ? ನೆನೆಯುತ್ತದೆ. ಒಳಗೆ ತುಸು ನೀರು ಸೇರಿಯೇ ಸೇರುತ್ತದೆ. ಆ ನೀರನ್ನು ಮೈ ಬೆಚ್ಚಗೆ ಮಾಡಿಕೊಳ್ಳುತ್ತದೆ, ರಬ್ಬರು ಆ ಬಿಸಿಯನ್ನು ಹೊರಗೆ ಬಿಡುವುದಿಲ್ಲ. ಇದನ್ನು ನಂಜುಂಡಪ್ಪನವರಿಗೆ ಅರ್ಥ ಮಾಡಿಸಲು ನಾನು ಮಳೆಗೆ ತಲೆಯಿಂದ ಇಳಿಬಿಟ್ಟುಕೊಳ್ಳುವ ಕಂಬಳಿ ಕೊಪ್ಪೆಯ ಹೋಲಿಕೆ ಕೊಟ್ಟೆ. “ನಾಟಿ ಮಾಡೋರು ಕಂಬಳಿ ಕೊಪ್ಪೆ ಹಾಕ್ಕಂಡು ಇಡೀ ದಿನ ನೆನೀತಾರಲ್ಲ ಯಜಮಾನ್ರೇ, ಕಂಬಳಿ ತೊಪ್ಪೆ ಆಗಿರ್ತದೆ, ಒಳಗೆ ಬೆಚ್ಚಗಿರ್ತದೆ. ಇದೂ ಹಂಗೇಯ.”

ಅವರ ಮುಖ ಬೆಳಗಿತು. “ಹಂಗನ್ನು ಮತ್ತೆ! ಇದು ರಬ್ಬರ್ ಕೊಪ್ಪೆ.”

ನನ್ನ ಬುದ್ಧಿವಂತಿಕೆ ನನಗೇ ತಿರುಗಿ ಬಿತ್ತು. ಕೊಪ್ಪೆ ಎಂದರೆ ಕಂಬಳಿಯ ಜಾತಿ. ಕಂಬಳಿಯ ಜಾತಿ ಎಂದ ಮೇಲೆ ಶಿವರಾತ್ರಿಗೆ ಅಟ್ಟ. ಆ ವರ್ಷದಿಂದ ಐದರ ದಪ್ಪದ ಸೂಟುಗಳೂ ಬೇವಿನ ಸೊಪ್ಪಿನ ಜೊತೆ ಮೇಲೇರಿದವು. ಮೂರರದ್ದು ತೆಳ್ಳಗಿತ್ತಾದ್ದರಿಂದ ಅದನ್ನು ಬೇಸಿಗೆ ಮಾಲು ಎಂದು ಕೆಳಗೇ ಬಿಟ್ಟರು.

ಕಾವ್ಯ ನಮ್ಮ ಅಂಗಡಿಗೆ ಮೊದಲು ಬಂದದ್ದು ಗಿರಾಕಿಯಾಗಿ ಅಲ್ಲ, ಜಗಳಕ್ಕೆ. ದೋಣಿಗಲ್ಲಿನ ಹುಡುಗಿ. ರೈಲು ಹಳಿಯ ಕೆಳಗಿನ ಹಳ್ಳದಲ್ಲಿ ಈಜು ಕಲಿತು, ಘಟ್ಟದ ಬಸ್ಸು ಹತ್ತಿ ಕೆಳಗೆ ಕರಾವಳಿಯ ಸರ್ಫಿಂಗ್ ಶಾಲೆಗೆ ಸೇರಿ, ಈಗ ಅಲ್ಲೇ ಕಲಿಸುವವಳಾಗಿದ್ದಳು. ನಾವು ಮಾರಿದ ನಾಲ್ಕು ಸೂಟುಗಳನ್ನು ಚೀಲದಲ್ಲಿ ತುಂಬಿಕೊಂಡು ಬಂದು ಕೌಂಟರಿನ ಮೇಲೆ ಸುರಿದಳು.

“ಏನಕ್ಕ ನೀವು, ಬೇಯ್ಸಿ ಬೇಯ್ಸಿ ಕಳಿಸ್ತಿದ್ದೀರಲ್ಲ ಜನಾನ? ಘಟ್ಟದವ್ರು ಕಳಿಸಿದ ಕಡುಬು ಬಂತು ಅಂತ ಅಲ್ಲಿ ನನ್ನ ಆಡ್ಕಂತಾರೆ. ನಮ್ಮ ಕರಾವಳಿ ನೀರು ವರ್ಷಪೂರ್ತಿ ಸ್ನಾನದ ನೀರು ಇದ್ದಂಗೆ ಐತೆ. ಬಿಸಿಲಿಗೆ, ಹಲಗೆ ಉಜ್ಜಿ ಮೈ ತರಚದಂಗೆ ಒಂದು ತೆಳ್ಳನೆ ತುಂಬುತೋಳಿನ ಅಂಗಿ ಸಾಕು. ಗಾಳಿ ನೋಡಿ ಕೊಡಬ್ಯಾಡಿ, ನೀರು ನೋಡಿ ಕೊಡಿ.”

ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಹುಡುಗಿ ಹಿಡಿಸಿಬಿಟ್ಟಳು. ಕೂರಿಸಿ ಕಾಫಿ ಕೊಟ್ಟು, ನೀರು ನೋಡುವುದು ಎಂದರೇನು ಎಂದು ಕೇಳಿದೆ, ಅವಳು ಹೇಳಿದಳು. ತೋಟದ ಕೆರೆಯನ್ನು ನೆನಪು ಮಾಡಿಕೊ ಚೈತ್ರ. ದೀಪಾವಳಿಯ ಹೊತ್ತಿಗೆ ಬೆಳಿಗ್ಗೆ ಎದ್ದರೆ ನಡುಕ, ಆದರೆ ಕೆರೆಗೆ ಕಾಲಿಟ್ಟರೆ ನೀರು ಉಗುರುಬೆಚ್ಚಗೆ. ಶಿವರಾತ್ರಿಯ ಹೊತ್ತಿಗೆ ಬಿಸಿಲು ಚುರುಗುಟ್ಟುತ್ತದೆ, ನೀರು ಮಾತ್ರ ಇನ್ನೂ ಎಲುಬು ಕಡಿಯುತ್ತದೆ. ಗಾಳಿ ಬೇಗ ಕಾದು ಬೇಗ ಆರುತ್ತದೆ, ನೀರು ನಿಧಾನ. ಕೆರೆಯೇ ಇಷ್ಟು ನಿಧಾನವಾದರೆ ಸಮುದ್ರ ಇನ್ನೆಷ್ಟು ನಿಧಾನ! ಉತ್ತರದ ಚಳಿ ದೇಶಗಳಲ್ಲಿ ಹಿಮ ಬೀಳುವುದು ಡಿಸೆಂಬರು ಜನವರಿಯಲ್ಲಾದರೂ ಸಮುದ್ರ ಅತಿ ತಣ್ಣಗಾಗುವುದು ಫೆಬ್ರವರಿ ಮಾರ್ಚಿನಲ್ಲಿ. ಅತಿ ಬೆಚ್ಚಗಿರುವುದು ಬೇಸಿಗೆ ಮುಗಿಯುವ ಆಗಸ್ಟು ಸೆಪ್ಟೆಂಬರಿನಲ್ಲಿ. ಆದ್ದರಿಂದ ಗಿರಾಕಿ ಬಂದರೆ ಯಾವ ಕಡಲು, ಯಾವ ತಿಂಗಳು ಎಂದು ಕೇಳು. ಫೋನಿನಲ್ಲಿ ಅಲ್ಲಿನ ಹವೆ ನೋಡಬೇಡ, ನೀರಿನ ಉಷ್ಣಾಂಶ ನೋಡು. ಇಪ್ಪತ್ತು ಡಿಗ್ರಿಯ ಆಸುಪಾಸಿಗೆ ಮೂರರ ದಪ್ಪ ಸಾಕು. ಹತ್ತರ ಹತ್ತಿರ ಇಳಿದರೆ ಐದರ ದಪ್ಪ ಬೇಕು, ತಲೆಗೆ ಟೋಪಿ, ಕೈಕಾಲಿಗೆ ರಬ್ಬರಿನ ಗವಸು ಬೇಕೇಬೇಕು.

ಆಮೇಲೆ ಕಾವ್ಯ ಊರಿಗೆ ಬಂದಾಗಲೆಲ್ಲ ಅಂಗಡಿಗೆ ಬರತೊಡಗಿದಳು. ಅವಳ ಮನೆಯಲ್ಲಿ ಈ ಕೆಲಸ ಯಾರಿಗೂ ಹಿಡಿಸಿರಲಿಲ್ಲ. ಸೋದರಮಾವನ ಎಸ್ಟೇಟಿನಲ್ಲಿ ರೈಟರ್ ಕೆಲಸ ಖಾಲಿ ಇತ್ತು. ಆಳುಗಳ ಹಾಜರಿ ಬರೆದುಕೊಂಡು, ಸ್ಟೋರಿನ ಬೀಗ ಹಿಡಿದುಕೊಂಡು ಮರ್ಯಾದೆಯಾಗಿರಬಾರದೇ ಎಂದು ಮಾವ. “ನೀರ್ ಮ್ಯಾಲೆ ನಿಂತ್ಕಳದೂ ಒಂದು ಕೆಲ್ಸ ಏನವ್ವ? ಕೊಕ್ಕರೆ ನಿಂತ್ಕಳಲ್ವ?” ಎನ್ನುತ್ತಿದ್ದರಂತೆ.

ಆ ವರ್ಷ ಶಿವರಾತ್ರಿ ಕಳೆದು ನಾಲ್ಕು ದಿನವಾಗಿತ್ತು. ಅಂಗಡಿಯಲ್ಲಿ ಬೇವಿನ ಸೊಪ್ಪಿನ ವಾಸನೆ ಇನ್ನೂ ಹೋಗಿರಲಿಲ್ಲ. ಕಾವ್ಯ ಓಡುತ್ತಾ ಬಂದಳು. ಐರ್ಲೆಂಡಿನ ಒಂದು ಸರ್ಫಿಂಗ್ ಶಾಲೆ ಅವಳನ್ನು ಪರೀಕ್ಷೆಗೆ ಕರೆದಿತ್ತು. ಎರಡು ವಾರ ದಿನವೂ ನೀರಿನಲ್ಲಿ ನಿಂತು ಕಲಿಸಿ ತೋರಿಸಬೇಕು. ನಿಂತರೆ ಅಲ್ಲೇ ಕೆಲಸ. ನಡುಗಿ ದಡಕ್ಕೆ ಬಂದರೆ ವಾಪಸು ದೋಣಿಗಲ್, ಮಾವನ ಎಸ್ಟೇಟು, ಹಾಜರಿ ಪುಸ್ತಕ. ಎರಡನೆಯ ಸಲ ಕರೆಯುವವರಿಲ್ಲ. ಮೈಗೆ ಸರಿಯಾಗಿ ಕೂರುವ ಸೂಟು ನಿಮ್ಮದೇ ತನ್ನಿ ಎಂದು ಹೇಳಿದ್ದರು. ಕಾವ್ಯಳದು ಸಣ್ಣ ಮೈ. ಕೆಳಗಿನ ಅಂಗಡಿಗಳಲ್ಲಿ ದಪ್ಪ ಸೂಟೇ ಇಲ್ಲ. ವಿಮಾನ ನಾಡಿದ್ದು. ಅವಳ ಅಳತೆಯ ಐದರ ದಪ್ಪದ್ದು, ಯಾರಿಗೂ ಆಗದೆ ಉಳಿದದ್ದು, ಒಂದೇ ಒಂದು ನಮ್ಮಲ್ಲಿತ್ತು. ಅಟ್ಟದ ಮೇಲೆ.

“ಶಿವರಾತ್ರಿ ಆಗೋಯ್ತಲ್ಲವ್ವ” ಎಂದರು ನಂಜುಂಡಪ್ಪನವರು, ಅವಳಿಗೆ ಗೊತ್ತಿಲ್ಲವೇನೋ ಎಂಬಂತೆ.

“ಅಲ್ಲಿ ನೀರು ಈಗ್ಲೇ ಜಾಸ್ತಿ ತಣ್ಣಗಿರೋದು ಯಜಮಾನ್ರೇ.”

“ಚಳಿ ಹೋಯ್ತು ಅಂದ್ಮೇಲೆ ಹೋಯ್ತು. ಆ ಮೂರರದ್ದು ತಗಂಡೋಗು, ಸಾಕು. ಅಟ್ಟದ್ದು ಇಳಿಸಂಗಿಲ್ಲ. ಕಣದಾಗೆ ಊರೋರ ಕಾಫಿ ಹರಡವ್ರೆ. ಮಳೆ ಬಂದ್ರೆ ನನ್ನ ಮನೆ ಬಾಗ್ಲಿಗೆ ಬತ್ತಾರೆ.”

ಪ್ರಮೋದನೂ ಫೋನು ನೋಡಿ, “ಐರ್ಲೆಂಡ್ ಬಿಸಿಲೈತೆ ಅಪ್ಪಾಜಿ, ವಸಂತ ಅಂತ ತೋರಿಸ್ತೈತೆ” ಎಂದು ಬೆಂಕಿಗೆ ತುಪ್ಪ ಹೊಯ್ದ. ನಾನು ಹೇಳಿದೆ, ಬೇಡಿಕೊಂಡೆ, ನಾಳೆಯಿಂದ ಬರುವುದಿಲ್ಲ ಎಂದೂ ಹೆದರಿಸಿದೆ. ಹೆದರಿಸಿದ್ದು ಅವರಿಗೆ ಕೇಳಿಸಲೇ ಇಲ್ಲ. ಕೊನೆಗೆ ಅವರೇ ಒಂದು ಮಾತು ಎಸೆದರು.

“ಶಿವರಾತ್ರಿ ಆದ್ಮೇಲೂ ಮೂರರದ್ದು ತಡೀದೇ ಇರೋ ಅಂಥ ಚಳಿ ನೀರು ಎಲ್ಲೈತೆ, ನನ್ನ ಕಣ್ಣಿಗೆ ತೋರ್ಸವ್ವ. ನಾನೇ ಅಟ್ಟ ಹತ್ತಿ ಇಳಿಸ್ತೀನಿ.”

ಕಾವ್ಯ ಒಂದು ಗಳಿಗೆ ಯೋಚಿಸಿದಳು. ಮೂರರ ಸೂಟನ್ನು ಎತ್ತಿಕೊಂಡು ಹಿಂದಿನ ಕೋಣೆಗೆ ಹೋಗಿ ಹಾಕಿಕೊಂಡಳು. ಬಂದವಳೇ ನಮ್ಮ ಹಿಂಬದಿಯ ಗಲ್ಲಿಗೆ ನಡೆದಳು. ಅಲ್ಲಿ ಹಮೀದಣ್ಣನ ಮೀನಿನ ಅಂಗಡಿ. ಆಗ ತಾನೇ ಕೆಳಗಿನಿಂದ ಮಂಜುಗಡ್ಡೆಯ ಗಾಡಿ ಬಂದಿತ್ತು. ಅವಳು ಕೇಳಿದ್ದಕ್ಕೆ ಹಮೀದಣ್ಣ ಒಂದು ದೊಡ್ಡ ಡ್ರಮ್ಮಿಗೆ ಅರ್ಧ ನೀರು, ಅರ್ಧ ಮಂಜುಗಡ್ಡೆ ತುಂಬಿಸಿದ. ಕಾವ್ಯ ಅದರೊಳಗೆ ಇಳಿದು ಕುತ್ತಿಗೆವರೆಗೆ ಕೂತಳು.

ಈಗ ನಂಜುಂಡಪ್ಪನವರು ನೋಡಬೇಕಲ್ಲ! ಆ ಗಲ್ಲಿಗೆ ಅವರು ಹುಟ್ಟಿದಾಗಿನಿಂದ ಕಾಲಿಟ್ಟವರಲ್ಲ. ಆ ಕಡೆಯಿಂದ ಗಾಳಿ ಬೀಸಿದರೆ ಊದುಬತ್ತಿ ಹಚ್ಚಿಸುತ್ತಿದ್ದವರು. ಟವೆಲನ್ನು ಮೂಗಿಗೆ ಹಿಡಿದು ಗಲ್ಲಿಯ ಬಾಯಲ್ಲಿ ನಿಂತರು.

“ಹತ್ತಿರ ಬನ್ನಿ ಮಾರಾಯ್ರೆ” ಎಂದ ಹಮೀದಣ್ಣ. “ಇದು ಈಗ ಬಂದ ಐಸು. ಮೀನಿನ ಮುಖ ಸಹ ನೋಡ್ಲಿಲ್ಲ ಇದು.”

ಅವರು ನಾಲ್ಕು ಹೆಜ್ಜೆ ಬಂದು, ಕೈಯಲ್ಲಿದ್ದ ಕೊಡೆಯ ತುದಿಯನ್ನು ಡ್ರಮ್ಮಿಗೆ ಅದ್ದಿ, ತೆಗೆದು, ಗಂಭೀರವಾಗಿ ನೋಡಿದರು. ಕೊಡೆಗೆ ಚಳಿಯಾದಂತೆ ಕಾಣಲಿಲ್ಲ. ಅಷ್ಟರಲ್ಲಿ ಕಾವ್ಯಳ ತುಟಿ ನೇರಳೆ ಹಣ್ಣಾಗಿತ್ತು. ಹಲ್ಲು ಕಟಕಟ ಎನ್ನುತ್ತಿದ್ದವು. ಸುತ್ತ ಜನ ಸೇರಿದರು, ಎರಡು ಬೆಕ್ಕೂ ಬಂದವು. ನನಗೆ ಹೆದರಿಕೆಯಾಗಿ, ಸಾಕು ಏಳು ಮಗಳೇ ಎಂದೆ.

“ಯಜಮಾನ್ರು... ಕೈ... ಅದ್ದೋ ತನಕ... ಏಳಲ್ಲ” ಎಂದಳು.

ನಂಜುಂಡಪ್ಪನವರು ಅವಳ ಮುಖವನ್ನೇ ನೋಡುತ್ತಾ ನಿಂತರು. ಮೂಗಿನಿಂದ ಟವೆಲು ಜಾರಿ ಹೆಗಲಿಗೆ ಬಂತು. ಕೊಡೆಯನ್ನು ನನ್ನ ಕೈಗೆ ಕೊಟ್ಟರು. ಅಂಗಿಯ ತೋಳು ಮಡಚಿದರು. ಮೊಣಕೈವರೆಗೆ ಆ ನೀರಿಗೆ ಇಳಿಸಿದರು.

“ಶಿವಶಿವಾ!” ಎಂದು ಕೈ ಕಿತ್ತುಕೊಂಡವರೇ ತಿರುಗಿ ನೋಡದೆ ಗಲ್ಲಿಯಿಂದ ಓಡಿದರು.

ನಾನು ಹುಟ್ಟಿದಾಗಿನಿಂದ ಕೇಳಿದ ಗಾದೆ ಆವತ್ತು ತಿರುವುಮುರುವಾಯಿತು. ಚಳಿ ಇದ್ದಲ್ಲೇ ಇತ್ತು. ಶಿವಶಿವಾ ಎಂದು ಓಡಿಹೋದವರು ನಂಜುಂಡಪ್ಪನವರು.

ಕಾವ್ಯಳನ್ನು ಎತ್ತಿ, ಒರೆಸಿ, ಬಿಸಿ ಕಾಫಿ ಕುಡಿಸುವಷ್ಟರಲ್ಲಿ ಅವರು ಮನೆಗೆ ಹೋಗಿ ತಲೆಗೆ ಸ್ನಾನ ಮಾಡಿ, ಹೊಸ ವಿಭೂತಿ ಹಚ್ಚಿಕೊಂಡು ವಾಪಸಾದರು. ಏಣಿ ಹಿಡಿಯಲು ಪ್ರಮೋದನಿಗೆ ಹೇಳಿದರು. ತಾನು ಹತ್ತುತ್ತೇನೆ ಅಂದ ಮಗನಿಗೆ, “ಮಾತು ಕೊಟ್ಟೋನು ನಾನು ಕಣೋ, ನೀನಲ್ಲ” ಎಂದರು. ಆ ವಯಸ್ಸಿನಲ್ಲಿ, ಆ ಮಂಡಿಯಲ್ಲಿ, ಒಂದೊಂದು ಮೆಟ್ಟಿಲಿಗೂ ಶಿವನನ್ನು ಕರೆಯುತ್ತಾ ಹತ್ತಿದರು. ನನಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. ಮೇಲಿನಿಂದ ಸೂಟು, ಟೋಪಿ, ಕೈಗವಸು, ಕಾಲುಗವಸು ಒಂದೊಂದೇ ಇಳಿದವು. ಎಲ್ಲದರಿಂದಲೂ ಬೇವಿನ ಎಲೆ ಉದುರಿತು.

“ತಗಾಳವ್ವ. ಚಳಿ ಇಳಿಸಿವ್ನಿ. ಮಳೆ ಬಂದ್ರೆ ಮೊದ್ಲು ನಿನ್ ಮಾವನ ಕಣದಾಗೆ ಬೀಳ್ಲಿ.”

ಮಳೆ ಬಂತು. ಸುಳ್ಳಲ್ಲ ಚೈತ್ರ, ಮಾರನೆಯ ಸಂಜೆಯೇ ಗುಡುಗಿ ಸುರಿಯಿತು. ಫೋನು ಹೊಡೆದುಕೊಳ್ಳತೊಡಗಿತು. ಅಟ್ಟದ ಸುದ್ದಿ ಅಷ್ಟರಲ್ಲಿ ಊರು ಸುತ್ತಿತ್ತು. ಕಣದಲ್ಲಿ ಕಾಫಿ ಹರಡಿದ್ದವರು ಬಾಯಿ ತುಂಬ ಬೈದರು. ಕೊಯ್ಲು ಮುಗಿಸಿ, ಕಾಫಿ ಗಿಡ ಹೂ ಬಿಡಿಸುವ ಹೂಮಳೆಗೆ ಕಾದು ಕೂತಿದ್ದವರು, ಕೈ ಎತ್ತಿ ಮುಗಿದೆ ನಂಜುಂಡಪ್ಪ ಎಂದು ಹರಸಿದರು. ಬೈಗುಳ ಬಂದಾಗ ಫೋನನ್ನು ಪ್ರಮೋದನಿಗೆ ಕೊಟ್ಟು, ಹಾರೈಕೆ ಬಂದಾಗ ತಾವು ತೆಗೆದುಕೊಳ್ಳುತ್ತಾ ಯಜಮಾನರು ಆ ಸಂಜೆಯನ್ನು ನಿಭಾಯಿಸಿದರು. ಹೂವು ಬಿಟ್ಟ ಮೇಲೆ ಕಾಯಿ ಕಚ್ಚಲು ಇನ್ನೊಂದು ಮಳೆ ಬೇಕಲ್ಲ, ಮುಂದಿನ ದಿನಗಳಲ್ಲಿ ತೋಟದವರೊಬ್ಬರು ಬಂದು, “ಇನ್ನೊಂದು ಕಂಬ್ಳಿ ಇಳಿಸ್ಬುಡಿ ಮಾರಾಯ್ರೆ” ಎಂದು ಗುಟ್ಟಾಗಿ ಕೇಳಿಕೊಂಡದ್ದೂ ಉಂಟು. ಐಸಿನ ಡ್ರಮ್ಮಿನಲ್ಲಿ ಕೂತಿದ್ದ ಮೂರರ ಸೂಟನ್ನು ಪ್ರಮೋದ ಬೆಂಗಳೂರಿನವರೊಬ್ಬರಿಗೆ ಮಾರಿದ. ಏನೋ ಮೀನಿನ ವಾಸನೆ ಎಂದದ್ದಕ್ಕೆ, “ಸಮುದ್ರದಾಗೆ ಪರೀಕ್ಷೆ ಆಗಿರೋ ಮಾಲು ಸಾರ್” ಎಂದನಂತೆ.

ಕಾವ್ಯ ಹೋದ ಮೇಲೆ ಎರಡು ವಾರ ಸುದ್ದಿಯಿಲ್ಲ. ನಂಜುಂಡಪ್ಪನವರು ಬೆಳಿಗ್ಗೆ ಬಂದು ಗಲ್ಲಾಪೆಟ್ಟಿಗೆಗೆ ಕೈ ಮುಗಿಯುವ ಮುಂಚೆ, “ಅಲ್ಲಿ ನೀರು ಹೆಂಗೈತಂತೆ ನೋಡು” ಎಂದು ನನ್ನ ಕೈಲಿ ಫೋನು ತೆಗೆಸುತ್ತಿದ್ದರು. ಹತ್ತು ಡಿಗ್ರಿಯೂ ಇಲ್ಲ ಯಜಮಾನ್ರೇ ಎಂದರೆ ಆ ಮೊಣಕೈಯನ್ನು ಇನ್ನೊಂದು ಕೈಯಿಂದ ಸವರಿಕೊಳ್ಳುತ್ತಿದ್ದರು. ನನಗಂತೂ ಬಸ್ಸಿನಲ್ಲಿ ಕೂತರೂ ಅದೇ ಯೋಚನೆ. ಆಮೇಲೊಂದು ದಿನ ಅವಳು ಮಾತಾಡಿ ಕಳಿಸಿದ ಸಂದೇಶ ಬಂತು. ಅಂಗಡಿಯವರೆಲ್ಲ ಫೋನಿನ ಸುತ್ತ ನಿಂತೆವು.

“ಸರೋಜಕ್ಕ, ಕೆಲ್ಸ ಆಯ್ತು! ಬಿಸಿಲು ನೋಡಿ ಒಬ್ಬ ತೆಳ್ಳಂದು ಹಾಕ್ಕಂಡು ಬಂದಿದ್ದ, ಅವತ್ತೇ ದಡಕ್ಕೆ ಹೋಗ್ಬುಟ್ಟ. ನಾನು ಒಂದಿನಾನೂ ಮೇಲೆ ಬರ್ಲಿಲ್ಲ. ಮೊದಲ ಅಲೆ ಮುಖಕ್ಕೆ ಹೊಡೆದಾಗ ‘ಶಿವಶಿವಾ’ ಅಂದೆ ಅಕ್ಕ, ಅಲ್ಲಿದ್ದೋರೆಲ್ಲ ನನ್ನ ಕಡೆ ನೋಡಿದ್ರು. ಯಜಮಾನ್ರಿಗೆ ಹೇಳಿ, ಇಲ್ಲಿ ಯಾರಿಗೂ ಶಿವರಾತ್ರೀನೇ ಗೊತ್ತಿಲ್ಲ ಅಂತ.”

ನಂಜುಂಡಪ್ಪನವರು ಅದನ್ನು ಮತ್ತೊಮ್ಮೆ ಹಾಕಿಸಿಕೊಂಡು ಕೇಳಿದರು. “ಪಾಪ” ಎಂದರು. “ಅದಕ್ಕೇ ಚಳಿ ಹೋಗಿಲ್ಲ ಅಲ್ಲಿ.”

ನಾನು ಕೆಲಸ ಬಿಡುವ ವರ್ಷದ ಶಿವರಾತ್ರಿ ಬಂತು. ಜಾಗರಣೆಯ ಕೆಂಪು ಕಣ್ಣಿನಲ್ಲಿ ಯಜಮಾನರು ಕೂತಿದ್ದರು. ಕಂಬಳಿ, ಸ್ವೆಟರು, ಟೋಪಿ ಎಲ್ಲ ಕಟ್ಟು ಕಟ್ಟಿ ಅಟ್ಟಕ್ಕೆ ಸೇರಿಸಿದೆ. ಕೊನೆಗೆ ಬಾಗಿಲ ಪಕ್ಕದ ಮೊಳೆಯಲ್ಲಿ ಐದರ ದಪ್ಪದ ಒಂದು ಸೂಟು ಉಳಿದಿತ್ತು. ಅದನ್ನು ಅಲ್ಲಿ ನೇತುಹಾಕಿದವರು ಯಾರೋ ನನಗೆ ಗೊತ್ತಿರಲಿಲ್ಲ. ತೆಗೆಯಲು ಕೈ ಹಾಕಿದೆ.

“ಇರ್ಲಿ ಬುಡು ಸರೋಜಮ್ಮ” ಎಂದರು ಅವರು, ತಲೆ ಎತ್ತದೆ. “ಆ ಹುಡ್ಗಿ ಇರೋ ಕಡೆ ಇನ್ನೂ ಶಿವರಾತ್ರಿ ಆಗಿಲ್ಲ.”